ವಂಚನೆಗಿಲ್ಲದ ಗಡಿ ನ್ಯಾಯಕ್ಕೇಕೆ?

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಂಥ ರೇಷ್ಮೆಯ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಒಂದು ಸರಳ ಪರೀಕ್ಷೆ ತಿಳಿದಿರಬಹುದು. ಬಟ್ಟೆಯ ಅಂಚಿನಿಂದ ಒಂದೆಳೆಯನ್ನು ತೆಗೆದು ಉರಿಗೆ ಹಿಡಿದರೆ, ಅಪ್ಪಟ ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಬೀರಿ, ಬೆರಳಿನಲ್ಲಿ ಪುಡಿಯಾಗುವ ಕರಿಯ ಬೂದಿಯನ್ನು ಉಳಿಸುತ್ತದೆ. ಪಾಲಿಯೆಸ್ಟರ್ ಆದರೋ ಕರಗಿ ಗಟ್ಟಿ ಮಣಿಯಾಗುತ್ತದೆ. ಕೂದಲಿನಂತೆ ರೇಷ್ಮೆಯೂ ಪ್ರೋಟೀನಿನಿಂದ ಆದುದೇ ಇದಕ್ಕೆ ಕಾರಣ. ಪ್ರಕೃತಿಯ ಈ ನಿಯಮವು ಎಲ್ಲ ದೇಶಗಳಲ್ಲಿಯೂ ಒಂದೇ.

ಆದರೆ ಮನುಷ್ಯರ ಕಾನೂನು ಹಾಗಲ್ಲ. ಪರದೇಶದ ವರ್ತಕನೊಬ್ಬನು ಅಂತರ್ಜಾಲದ ಮೂಲಕ ಕೃತಕ ನೂಲಿನ ಬಟ್ಟೆಯನ್ನು ರೇಷ್ಮೆಯೆಂದು ಮಾರಿದನೆನ್ನೋಣ. ಕೊಂಡವರು ಹಣವನ್ನು ಕಳೆದುಕೊಳ್ಳುತ್ತಾರೆ. ಹಿಪ್ಪುನೇರಳೆ ಬೆಳೆದು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತರುವ ರೈತನಿಗೂ ನಷ್ಟವೇ. ಏಕೆಂದರೆ ರೇಷ್ಮೆಯ ಹೆಸರಿನ ಮೇಲೆ ಜನರಿಗಿರುವ ನಂಬಿಕೆಯೇ ಅವನ ಬಂಡವಾಳ. ಈ ನಂಬಿಕೆಯನ್ನು ಕಾಯಲೆಂದೇ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ 'ಸಿಲ್ಕ್ ಮಾರ್ಕ್' ಗುರುತನ್ನು ಆರಂಭಿಸಿತು.

ದೇಶದೊಳಗಿನ ಒಂದು ಗಡಿಯನ್ನು ನಾವು ದಾಟಿದ್ದೇವೆ. 1986ರ ಕಾಯಿದೆಯಡಿ, ಮಾರಾಟಗಾರನ ವಾಸ ಅಥವಾ ವ್ಯವಹಾರವಿದ್ದೆಡೆ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದೆಡೆ ದೂರು ಕೊಡಬೇಕಾಗಿತ್ತು. 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಸಲ್ಲಿಸಲು ಅವಕಾಶವಿತ್ತಿತು. ಹೊರದೇಶದಲ್ಲಿದ್ದು ನಮ್ಮವರಿಗೆ ಕ್ರಮವಾಗಿ ಸರಕು ಮಾರುವ ಸಂಸ್ಥೆಗಳಿಗೂ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ. ಆದರೆ ಲೆಕ್ಕಪತ್ರ, ಗೋದಾಮು, ಹಣ ಎಲ್ಲವೂ ಪರದೇಶದಲ್ಲಿರುವಾಗ ನಮ್ಮ ಅಧಿಕಾರಿಯ ಕೈ ಅಲ್ಲಿಗೆ ಹೇಗೆ ನೀಳಬೇಕು? ಅಲ್ಲಿಯ ಅಧಿಕಾರಿಯು ನೆರವಾಗದೆ ನಿಯಮವು ಕಾಗದದಲ್ಲಿಯೇ ಉಳಿದೀತು.

ಇಂತಹ ನೆರವು ಅಸಾಧ್ಯವೇನಲ್ಲ. ಐರೋಪ್ಯ ಒಕ್ಕೂಟದಲ್ಲಿ ಒಂದು ದೇಶದ ಅಧಿಕಾರಿಗಳು ಮತ್ತೊಂದು ದೇಶದವರನ್ನು ಸಾಕ್ಷ್ಯ ಒದಗಿಸುವಂತೆಯೂ ವಂಚನೆಯನ್ನು ತಡೆಯುವಂತೆಯೂ ಕೋರಬಹುದು. ಅಮೆರಿಕವು 2006ರ ಕಾನೂನಿನ ಮೂಲಕ ತನ್ನ ವ್ಯಾಪಾರ ಆಯೋಗಕ್ಕೆ ಪರದೇಶದ ಅಧಿಕಾರಿಗಳೊಡನೆ ಮಾಹಿತಿ ಹಂಚಿಕೊಳ್ಳುವ ಅಧಿಕಾರವನ್ನು ವಿಸ್ತರಿಸಿತು.

ಇದರಿಂದ ದೇಶದ ಸ್ವಾತಂತ್ರ್ಯಕ್ಕೆ ಕುಂದಲ್ಲವೇ ಎಂದು ಕೆಲವರು ಶಂಕಿಸಬಹುದು. ಅವರು ಅಳತೆಯ ಇತಿಹಾಸವನ್ನು ನೆನೆಯಲಿ. ಊರಿಗೊಂದು ಸೇರು, ಸೀಮೆಗೊಂದು ಮಣವಿದ್ದ ಕಾಲದಲ್ಲಿ ಮೋಸಕ್ಕೆ ಸುಗ್ಗಿಯಾಗಿತ್ತು. 1875ರಲ್ಲಿ 17 ರಾಷ್ಟ್ರಗಳು ಪ್ಯಾರಿಸಿನಲ್ಲಿ ಮೀಟರಿನ ಒಪ್ಪಂದಕ್ಕೆ ಸಹಿ ಹಾಕಿದವು. 1957ರಲ್ಲಿ ಭಾರತವೂ ಅದನ್ನು ಸೇರಿತು. ಅದರಿಂದ ಯಾರ ಸ್ವಾತಂತ್ರ್ಯವೂ ಕುಂದಲಿಲ್ಲ. ತಕ್ಕಡಿಗೆ ಮಾತ್ರ ಬಲ ಬಂದಿತು.

ಅಳೆಯುವುದರಲ್ಲಿ ಒಂದಾದ ಜಗತ್ತು, ಅಳತೆ ತಪ್ಪಿದವರನ್ನು ಹಿಡಿಯುವುದರಲ್ಲಿಯೂ ಒಂದಾಗಬೇಕೆಂಬುದೇ ನಮ್ಮ ಅಭಿಪ್ರಾಯ. ಒಂದು ದೇಶದ ಪ್ರಯೋಗಶಾಲೆಯ ವರದಿಯನ್ನು ಇನ್ನೊಂದು ದೇಶ ಮನ್ನಿಸಲಿ. ದೂರಿನ ಮಾಹಿತಿ ಗಡಿ ದಾಟಲಿ. ನಾಳೆ ಪ್ರಯೋಗಶಾಲೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ದುಡಿಯಲಿರುವ ವಿದ್ಯಾರ್ಥಿ ಮಿತ್ರರು ಈ ಕಾರ್ಯಕ್ಕೆ ಇಂದೇ ಅಣಿಯಾಗಲಿ. ಎಳೆಯೊಂದನ್ನು ಸುಟ್ಟು ಸತ್ಯವನ್ನು ಕಾಣುವುದು ವಿಜ್ಞಾನ. ಕಂಡ ಸತ್ಯಕ್ಕೆ ಗಡಿಯಾಚೆಯೂ ಬೆಲೆ ದೊರಕಿಸುವುದು ನಾಗರಿಕತೆ.