ವೈದ್ಯರಿಗೆ ಲೆಕ್ಕ, ಕಾನೂನಿನ ಪಾಠವೂ ಬೇಕು

ಮುಲುಂಡ್, ಬೊರಿವಲಿ, ಡೊಂಬಿವಲಿ, ಮುಂಬಯಿಯ ಉಪನಗರಗಳಲ್ಲಿ ಎಲ್ಲಿಗೇ ಹೋದರೂ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲೊಂದು ದವಾಖಾನೆ, ನಾಲ್ಕು ಹೆಜ್ಜೆ ಆಚೆ ಹತ್ತು-ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್ ಕಾಣುತ್ತದೆ. ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಉಪನಗರದ ಎಷ್ಟೋ ಕುಟುಂಬಗಳು ಮೊದಲು ಓಡುವುದು ಇಲ್ಲಿಗೇ. ಇವನ್ನು ನಡೆಸುವವರು ಎಂಬಿಬಿಎಸ್‌ಗೆ ಐದೂವರೆ ವರ್ಷ, ಮೇಲಿನ ಪದವಿಗೆ ಮತ್ತೆ ಮೂರು ವರ್ಷ ಓದಿದವರು. ಆದರೆ ತೆರಿಗೆ, ವಿಮೆ, ಬಾಡಿಗೆ ಕರಾರು, ಪಾಲುದಾರಿಕೆ ಪತ್ರದ ಪಾಠವನ್ನು ಅವರಲ್ಲಿ ಹೆಚ್ಚಿನವರು ಕಲಿಯುವುದು ತೊಂದರೆಗೆ ಸಿಕ್ಕಿದ ಮೇಲೆ. ಇದು ಬದಲಾಗಬೇಕು.

ಗ್ರಾಹಕ ಕಾನೂನು ವೈದ್ಯರ ಬಾಗಿಲಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಶುಲ್ಕ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1995ರ ನವೆಂಬರ್ 13ರಂದು. 2019ರ ಹೊಸ ಕಾಯ್ದೆ ವೈದ್ಯರಿಗೆ ಅನ್ವಯಿಸುವುದಿಲ್ಲ ಎಂಬ ವಾದ ಬಾಂಬೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಲಿಲ್ಲ. 2013ರಲ್ಲಿ ಕೋಲ್ಕತ್ತದ ಪ್ರಕರಣವೊಂದರಲ್ಲಿ ಪರಿಹಾರದ ಮೊತ್ತ ಸುಮಾರು 6 ಕೋಟಿ ರೂಪಾಯಿಗೆ ಮುಟ್ಟಿತು.

ಇಂಥ ಹೊತ್ತಿನಲ್ಲಿ ವೈದ್ಯರನ್ನು ಕಾಯುವುದು ದಾಖಲೆ ಮತ್ತು ವಿಮೆ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ 2002ರ ವೈದ್ಯಕೀಯ ಮಂಡಳಿಯ ನಿಯಮ. ವೃತ್ತಿ ವಿಮೆಯಾದರೋ, ಸಾಮಾನ್ಯವಾಗಿ ದೂರು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ನೆರವಿಗೆ ಬರುತ್ತದೆ. ಒಂದು ವರ್ಷ ಪ್ರೀಮಿಯಂ ತಪ್ಪಿದರೆ ಹಿಂದಿನ ವರ್ಷಗಳ ರಕ್ಷಣೆಯೂ ಕೈಬಿಡಬಹುದು. ನಿವೃತ್ತಿಯೊಡನೆ ಪಾಲಿಸಿ ನಿಲ್ಲಿಸುವುದೂ ಅಪಾಯವೇ. ಏಕೆಂದರೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ.

ಹಣದ ಕಡೆಗೆ ಬಂದರೆ ಮುಂಬಯಿ ಕಲಿಸಿದ ಪಾಠ ಕಠಿಣವಾದದ್ದು. 2019ರ ಸೆಪ್ಟೆಂಬರ್‌ನಲ್ಲಿ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಖಾತೆದಾರರು ಮೊದಲಿಗೆ ತೆಗೆಯಬಹುದಾಗಿದ್ದುದು ಬರೀ 1,000 ರೂಪಾಯಿ. 2025ರ ಫೆಬ್ರವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಆರಂಭದಲ್ಲಿ ಅಷ್ಟೂ ಸಿಗಲಿಲ್ಲ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ನರ್ಸುಗಳ ಸಂಬಳ, ಸೋನೋಗ್ರಫಿ ಯಂತ್ರದ ಕಂತು, ಮಗಳ ಓದಿನ ಹಣ ಎಲ್ಲವೂ ಒಂದೇ ಬ್ಯಾಂಕಿನಲ್ಲಿದ್ದರೆ ಆಸ್ಪತ್ರೆಯೂ ಮನೆಯೂ ಒಟ್ಟಿಗೆ ನಿಂತುಹೋಗುತ್ತವೆ. ಇನ್ನೊಂದು ಲೆಕ್ಕ ಹಲವರ ಗಮನಕ್ಕೆ ಬರುವುದೇ ಇಲ್ಲ: ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಹಾಗಾಗಿಯೇ ಬಾಡಿಗೆಗೆ, ಯಂತ್ರಗಳಿಗೆ ತೆತ್ತ ಜಿಎಸ್‌ಟಿ ಹಿಂದಕ್ಕೆ ಬರುವುದಿಲ್ಲ.

ಗೆಳೆಯರು, ಗಂಡಹೆಂಡತಿ ಸೇರಿ ನಡೆಸುವ ನರ್ಸಿಂಗ್ ಹೋಮ್‌ಗಳು ಉಪನಗರದಲ್ಲಿ ಬೇಕಾದಷ್ಟು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಒಬ್ಬರು ತೀರಿಕೊಂಡಾಗ ಪಾಲುದಾರಿಕೆಯೇ ಮುಗಿಯುತ್ತದೆ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಮನೆಯವರಿಗಾಗಿ ಒಂದು ಹಳೆಯ ಆಸರೆಯಿದೆ: 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಹೆಂಡತಿ-ಮಕ್ಕಳ ಹೆಸರಿಗೆ ಮಾಡಿಸಿದ ಜೀವವಿಮೆಯ ಹಣಕ್ಕೆ ಸಾಲ ಕೊಟ್ಟವರು ಸಾಮಾನ್ಯವಾಗಿ ಕೈಹಾಕುವಂತಿಲ್ಲ.

ವೈದ್ಯರು ವ್ಯಾಪಾರಿಗಳಾಗಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಆದರೆ ಕಾಗದಪತ್ರ ಸರಿಯಿದ್ದರೆ ಉಳಿಯುವುದು ರೋಗಿಯೂ ಹೌದು. 2021ರ ಮಾರ್ಚ್‌ನಲ್ಲಿ ಭಾಂಡುಪ್‌ನ ಮಾಲ್ ಒಂದರೊಳಗಿನ ಆಸ್ಪತ್ರೆ, ಮರುತಿಂಗಳು ವಿರಾರ್‌ನ ಆಸ್ಪತ್ರೆಯ ಐಸಿಯು ಬೆಂಕಿಗೆ ತುತ್ತಾಗಿ ರೋಗಿಗಳು ಪ್ರಾಣ ಕಳೆದುಕೊಂಡರು. ಮಹಾರಾಷ್ಟ್ರದ ಕಾನೂನು ಪ್ರತಿ ಜನವರಿ, ಜುಲೈನಲ್ಲಿ ಕೇಳುವ ಅಗ್ನಿಸುರಕ್ಷೆಯ ಪ್ರಮಾಣಪತ್ರವನ್ನು ಬರೀ ಕಾಟಾಚಾರವೆಂದು ಯಾರೂ ತಿಳಿಯಬಾರದು.

ನೋಂದಣಿ ನವೀಕರಣಕ್ಕೆ ಮಹಾರಾಷ್ಟ್ರ ವೈದ್ಯಕೀಯ ಮಂಡಳಿ ಐದು ವರ್ಷಕ್ಕೆ ನಿರಂತರ ವೈದ್ಯಕೀಯ ಶಿಕ್ಷಣದ 30 ಕ್ರೆಡಿಟ್ ಅಂಕ ಕೇಳುತ್ತದೆ. ಅದರಲ್ಲಿ ಕೆಲವನ್ನಾದರೂ ಕಾನೂನು ಮತ್ತು ಲೆಕ್ಕಪತ್ರಕ್ಕೆ ಕಡ್ಡಾಯವಾಗಿ ಮೀಸಲಿಡಬೇಕು. ಮುಂಬಯಿಯ ಕನ್ನಡ ಸಂಘಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಆರೋಗ್ಯ ಶಿಬಿರಕ್ಕೆ ವೈದ್ಯರನ್ನು ಕರೆಯುವ ಸಂಘಗಳಲ್ಲೇ ವಕೀಲರೂ ಸಿಎಗಳೂ ಸದಸ್ಯರಾಗಿದ್ದಾರೆ. ಒಂದು ಭಾನುವಾರ ಮಧ್ಯಾಹ್ನ ಅವರನ್ನೆಲ್ಲ ಒಂದೇ ಸಭಾಂಗಣಕ್ಕೆ ಕರೆದು, ವಿಮೆ ಪಾಲಿಸಿ, ಪಾಲುದಾರಿಕೆ ಪತ್ರ, ಬ್ಯಾಂಕ್ ನಾಮಿನೇಷನ್ ಈ ಮೂರನ್ನು ಪರಿಶೀಲಿಸುವ ಕೆಲಸ ಈ ವರ್ಷವೇ ಶುರುವಾಗಲಿ.