ಡಬ್ಬಿಯ ಮೇಲಿನ ಮಾತಿಗೆ ಹೊಣೆ ಯಾರು?

ವ್ಯಾಯಾಮಕ್ಕೆ ಮುನ್ನ ನೀರಿನಲ್ಲಿ ಕದಡಿ ಕುಡಿಯುವ ‘ಪ್ರಿ-ವರ್ಕೌಟ್’ ಪುಡಿಗಳು ಇಂದು ಔಷಧಿ ಅಂಗಡಿಗಳಲ್ಲಿಯೂ ಜಿಮ್‌ಗಳಲ್ಲಿಯೂ ಮಾರಾಟವಾಗುತ್ತಿವೆ. ಅನೇಕ ಡಬ್ಬಿಗಳ ಮೇಲೆ ‘ಎಲ್-ಆರ್ಜಿನಿನ್’ ಎಂಬ ಹೆಸರು ದಪ್ಪ ಅಕ್ಷರಗಳಲ್ಲಿರುತ್ತದೆ. ಜೊತೆಗೆ ಬಲವರ್ಧನೆಯ ಭರವಸೆಯೂ ಇರುತ್ತದೆ. ಈ ಸರಕನ್ನು ತಯಾರಿಸುವ ಹಾಗೂ ಮಾರುವ ಸಣ್ಣ ಉದ್ಯಮಿಗಳು ಆ ಭರವಸೆಯನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯ.

ಆರ್ಜಿನಿನ್ ಒಂದು ಅಮೈನೋ ಆಮ್ಲ. ದೇಹವು ಇದರಿಂದ ನೈಟ್ರಿಕ್ ಆಕ್ಸೈಡನ್ನು ಉತ್ಪಾದಿಸುತ್ತದೆ. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಈ ಸಂಬಂಧದ ಸಂಶೋಧನೆಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸ್ನಾಯುಗಳಿಗೆ ಹೆಚ್ಚು ರಕ್ತ, ಅದರಿಂದ ಹೆಚ್ಚು ಬಲ ಎಂಬ ಮಾರಾಟದ ಮಾತು ಹುಟ್ಟಿದ್ದು ಇಲ್ಲಿಂದಲೇ. ಆದರೆ ಸೇವಿಸಿದ ಆರ್ಜಿನಿನ್‌ನ ಗಣನೀಯ ಪಾಲು ಕರುಳು ಹಾಗೂ ಯಕೃತ್ತಿನಲ್ಲಿಯೇ ವಿಭಜನೆಗೊಳ್ಳುತ್ತದೆ. ಆರೋಗ್ಯವಂತರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಭಾರ ಎತ್ತುವ ಬಲ ಖಚಿತವಾಗಿ ವೃದ್ಧಿಸುತ್ತದೆಂದು ಹೇಳಲು ಅವು ಆಧಾರವಾಗಲಾರವು. ನಮ್ಮ ಕಡಲೆಕಾಯಿ ಬೀಜದ 100 ಗ್ರಾಂನಲ್ಲಿಯೇ ಸುಮಾರು 3 ಗ್ರಾಂ ಆರ್ಜಿನಿನ್ ಇದೆಯೆಂಬುದೂ ಗಮನಾರ್ಹ.

ಸುರಕ್ಷತೆಯ ವಿಚಾರವೂ ಇದೆ. ಹೃದಯಾಘಾತಕ್ಕೊಳಗಾಗಿದ್ದ 153 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಆರ್ಜಿನಿನ್ ಪಡೆದವರ ಪೈಕಿ 6 ಮಂದಿ ಮೃತಪಟ್ಟರು. ಪಡೆಯದವರ ಗುಂಪಿನಲ್ಲಿ ಸಾವು ಸಂಭವಿಸಲಿಲ್ಲ. ಇದನ್ನು ಆರೋಗ್ಯವಂತ ಯುವಕರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಹೃದ್ರೋಗಿಗಳಿಗೆ ಹಾಗೂ ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ‘ವೈದ್ಯರನ್ನು ಕೇಳಿ’ ಎಂದು ಹೇಳುವುದು ಮಾರುವವರ ಕರ್ತವ್ಯ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೆಯ ಕಲಮಿನ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಪ್ರಕಟಿಸಿದವರಷ್ಟೇ ಅಲ್ಲ, ಅದರಲ್ಲಿ ಪಾಲುದಾರರಾದವರೂ ಹೊಣೆಗಾರರು. ಕಂಪನಿಯ ಮಾತನ್ನು ನಂಬಿ ತನ್ನ ಹೆಸರಿನಲ್ಲಿ ಕರಪತ್ರ ಹಂಚುವ ಚಿಲ್ಲರೆ ವರ್ತಕನು ಇದನ್ನು ಮರೆಯಬಾರದು.

ಹಿತಮಿತವಾಗಿ ಹೇಳಿದರೆ ಸರಕು ಹೋಗುವುದಿಲ್ಲ, ದೊಡ್ಡ ಕಂಪನಿಗಳ ಅಬ್ಬರದ ಮುಂದೆ ನಾವು ಉಳಿಯುವುದೆಂತು ಎಂಬ ಆಕ್ಷೇಪ ಸಹಜ. ಆದರೆ ಜಾಹೀರಾತಿಗೆ ಹಣವಿಲ್ಲದ ಸಣ್ಣ ಉದ್ಯಮಿಗೆ ಗ್ರಾಹಕನ ವಿಶ್ವಾಸವೇ ಬಂಡವಾಳ. ಎರಡು ತಿಂಗಳು ಬಳಸಿ ಫಲ ಕಾಣದ ಯುವಕನು ಮೂರನೆಯ ಡಬ್ಬಿಗೆ ಅದೇ ಅಂಗಡಿಗೆ ಬರುವನೆಂಬ ಖಾತರಿಯಿಲ್ಲ.

ಆದ್ದರಿಂದ ಉತ್ಪಾದಕರು ‘ವಿಶೇಷ ಮಿಶ್ರಣ’ವೆಂದು ಮರೆಮಾಚದೆ, ಒಂದು ಸೇವನೆಯಲ್ಲಿ ಆರ್ಜಿನಿನ್ ಎಷ್ಟು, ಕೆಫೀನ್ ಎಷ್ಟು ಎಂಬುದನ್ನು ಮುದ್ರಿಸಲಿ; ಪ್ರತಿ ಬ್ಯಾಚಿಗೂ ಪ್ರಯೋಗಾಲಯದ ವರದಿ ಇಟ್ಟುಕೊಳ್ಳಲಿ. ವರ್ತಕರು ಆ ವರದಿ ಕೇಳಿ ಪಡೆದ ನಂತರವೇ ಸರಕು ತರಿಸಲಿ. ತೂಕದಲ್ಲಿ ಮೋಸ ಮಾಡದವನು ಮಾತಿನಲ್ಲಿಯೂ ಮಾಡಬಾರದೆಂಬುದು ವ್ಯಾಪಾರ ಧರ್ಮ.