ಕಾಯುವವರು ಮತ್ತು ಕಾಯಿಸಿಕೊಳ್ಳುವವರು

ಸೈನಿಕನ ಸೇವೆಯಿಂದ ದೇಶಕ್ಕೆ ರಕ್ಷಣೆ ದೊರೆಯುತ್ತದೆ, ಅದರಲ್ಲಿ ವಿವಾದವಿಲ್ಲ. ಆ ರಕ್ಷಣೆ ಯಾರಿಗೆ ಎಷ್ಟು ದಕ್ಕುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬಲ್ಲಿ ಪ್ರಶ್ನೆ ಏಳುತ್ತದೆ.

ಬಿಟಿಎಂ ಲೇಔಟ್‌ನಿಂದ ದಕ್ಷಿಣಕ್ಕಿರುವ ಬೇಗೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಈ ಲೆಕ್ಕವನ್ನು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದೆ. ವೀರಮಹೇಂದ್ರನೆಂಬ ದೊರೆಯ ಮೇಲಿನ ಯುದ್ಧದಲ್ಲಿ ದೊರೆ ಅಯ್ಯಪದೇವನಿಗೆ ನೆರವಾಗಲು ಗಂಗ ದೊರೆ ಎರೆಯಪ್ಪ ಕಳುಹಿಸಿದ ನಾಗತ್ತರ ತುಂಬೆಪಾಡಿಯಲ್ಲಿ ಮಡಿದ. ಹಗೆತನ ದೊರೆಗಳದು, ಸತ್ತವನು ನಾಗತ್ತರ. ಆದರೂ ದೊರೆ ಋಣ ತೀರಿಸಿದ: ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಅಂದರೆ ಮಡಿದ ವೀರನ ಹೆಸರಿನ ದತ್ತಿಯಾಗಿ, ಕೊಟ್ಟ. ನಾಗತ್ತರ ಸ್ಥಳೀಯ ಒಡೆಯ. ಅವನೊಡನೆ ಬಿದ್ದ ಸಾಮಾನ್ಯ ಆಳುಗಳ ಮನೆಗಳಿಗೆ ಏನು ಸಂದಿತೆಂದು ಆ ಕಲ್ಲು ಹೇಳುವುದಿಲ್ಲ.

ಶತಮಾನಗಳ ನಂತರ, 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ಟೈನಿನ ಹೈಫಾದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಕಾದಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಮೊದಲ ಮಹಾಯುದ್ಧದ ಆರಂಭದಲ್ಲೇ ಸಂಸ್ಥಾನ 50 ಲಕ್ಷ ರೂಪಾಯಿಯನ್ನೂ ಕೊಟ್ಟಿತ್ತು. ಹಣವೂ ಜೀವವೂ ಇಲ್ಲಿಯವು, ಗೆಲುವಿನ ಹಿಡಿತ ಲಂಡನ್ನಿನದು.

ಸ್ವತಂತ್ರ ಭಾರತದಲ್ಲಿ ಯುದ್ಧದ ನಿರ್ಧಾರ ಚುನಾಯಿತ ಸರ್ಕಾರದ್ದು, ಸೇನೆಗೆ ಸೇರುವುದು ಯುವಕರ ಇಚ್ಛೆ. ಇದು ದೊಡ್ಡ ವ್ಯತ್ಯಾಸ. ಆದರೆ ಸಂಬಳದ ನೌಕರಿ ಬೇರೆ ಸಿಗದಿದ್ದಾಗ ಆ ಇಚ್ಛೆಯೊಳಗೆ ಬಡತನದ ಒತ್ತಾಯವೂ ಸೇರಿರುತ್ತದೆ. ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಸ್ಥಿತಿವಂತ ಮನೆಯ ಮಗನ ಮುಂದೆ ಎಂಜಿನಿಯರಿಂಗ್ ಇದೆ, ಸಾಫ್ಟ್‌ವೇರ್ ಕಂಪನಿ ಇದೆ. ಒಣಬೇಸಾಯದ ಮನೆಯ ಹುಡುಗನಿಗೆ ಭರ್ತಿ ರ್‍ಯಾಲಿಯೇ ದೊಡ್ಡ ಬಾಗಿಲು. ಗಡಿ ಭದ್ರವಾಗಿರುವುದರ ಲಾಭ ಮಾತ್ರ ಇಬ್ಬರಿಗೂ ಉಂಟು. ಆಸ್ತಿ ಹೆಚ್ಚಿದ್ದವನಿಗೆ ಇನ್ನೂ ಹೆಚ್ಚು.

ಈ ಅಂತರವನ್ನು ಸ್ವಲ್ಪವಾದರೂ ತುಂಬುತ್ತಿದ್ದುದು ಪಿಂಚಣಿ. ಸಾಮಾನ್ಯ ಸೈನಿಕನಿಗೆ 15 ವರ್ಷದ ಸೇವೆಯ ನಂತರ ಅದು ಬದುಕಿಡೀ ಸಿಗುತ್ತಿತ್ತು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಹೊಸದಾಗಿ ಸೇರುವವರಿಗೆ ಅದನ್ನು ಬದಲಿಸಿತು. ಆ ಪ್ರಕಟಣೆಯ ಪ್ರಕಾರ ಯೋಜನೆಯಡಿ ಸೇರುವ ಅಗ್ನಿವೀರನ ಸೇವೆ ನಾಲ್ಕು ವರ್ಷ, ಆಮೇಲೆ ಉಳಿಯುವವರು ಗರಿಷ್ಠ ಶೇ. 25. ಹೊರಬರುವವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಬಡ್ಡಿ ಬಿಟ್ಟರೆ ಅದರಲ್ಲಿ ಅರ್ಧ ಅವರದೇ ಸಂಬಳದಿಂದ ಕಡಿತಗೊಳಿಸಿದ್ದು, ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ.

ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯುತ್ತದೆ ಎಂಬುದು ಸರ್ಕಾರದ ವಾದ. ಎತ್ತರದ ಗಡಿಯಲ್ಲಿ ಎಳೆಯ ಕಾಲುಗಳಿಗೆ ಬೆಲೆಯಿದೆ, ನಿಜ. 2022–23ರ ಬಜೆಟ್‌ನಲ್ಲಿ ರಕ್ಷಣಾ ಪಿಂಚಣಿಗೇ ಸುಮಾರು 1.19 ಲಕ್ಷ ಕೋಟಿ ರೂಪಾಯಿ ಮೀಸಲಾಗಿತ್ತು, ಅದೂ ಸಣ್ಣ ಹೊರೆಯಲ್ಲ. ಆದರೆ ಆ ಹೊರೆ ಇಳಿಸಿದಾಗ ಅದು ಮಾಯವಾಗುವುದಿಲ್ಲ, ಇಪ್ಪತ್ತೈದರ ಆಸುಪಾಸಿನ ಯುವಕನ ಹೆಗಲಿಗೆ ಬೀಳುತ್ತದೆ. ಪಿಂಚಣಿ ಎಂದರೆ ಗಡಿಗೆ ಹೋಗದ ತೆರಿಗೆದಾರ ರಕ್ಷಣೆಗೆ ಕೊಡುವ ತನ್ನ ಪಾಲು. ಅದು ನಿಂತರೆ ಕೇಂದ್ರದ ಬೊಕ್ಕಸಕ್ಕೆ ಉಳಿತಾಯ, ಶಿಸ್ತಿನ ಆಳು ಬೇಕಾದ ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಅನುಕೂಲ. ಸೈನಿಕನಿಗೆ ಮತ್ತೊಮ್ಮೆ ಕೆಲಸದ ಹುಡುಕಾಟ.